ಬುಲೆಟ್ಟಿನ ದನಿ: ಎರಡು ಸಾವಿರ ರೂಪಾಯಿಯೊಳಗೆ ಆದ ಕೆಲಸ

ಆಷಾಢದಲ್ಲಿ ಗಾಡಿ ಕೊಳ್ಳುವವರು ಕಡಿಮೆ. ಆ ಕಾರಣಕ್ಕೇ ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ಜನ ಬುಲೆಟ್ ಎಂದೇ ಕರೆಯುವ, 2013ನೇ ಸಾಲಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನನ್ನ ಕೈಗೆಟುಕುವ ಬೆಲೆಗೆ ಸಿಕ್ಕಿತು. ಎಂಜಿನ್ ಗಟ್ಟಿಯಾಗಿತ್ತು, ಕಾಗದಪತ್ರಗಳು ಸರಿಯಾಗಿದ್ದವು, ಟ್ಯಾಂಕಿನೊಳಗೆ ತುಕ್ಕು ಇರಲಿಲ್ಲ. ಆದರೆ ಹಿಂದಿನ ಮಾಲೀಕರು ಕಂಪನಿಯ ಉದ್ದನೆಯ ಸೈಲೆನ್ಸರನ್ನು ಕಳಚಿ, ಅದರ ಜಾಗದಲ್ಲಿ ಗಿಡ್ಡನೆಯ ಬೇರೊಂದನ್ನು ಕೂರಿಸಿದ್ದರು. ಕಿಕ್ ಹೊಡೆದ ಕೂಡಲೇ ಬೀದಿಯ ಆ ತುದಿಯ ಮನೆಯವರೂ ಕಿಟಕಿಯಿಂದ ಇಣುಕುವಷ್ಟು ಸದ್ದು. ಮೊದಲ ವಾರ ಆ ಸದ್ದು ನನಗೆ ಹಿಡಿಸಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಗಾಡಿಯ ಎದೆಬಡಿತ ಹಾಗೆಯೇ ಇರಬೇಕೆಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಆ ನಂಬಿಕೆ ಹೋದದ್ದು ಶ್ರಾವಣದಲ್ಲಿ, ಬೆಂಗಳೂರಿನಿಂದ ಹಾಸನಕ್ಕೆ ಹೊರಟ ದಿನ. ನೆಲಮಂಗಲ ದಾಟಿ, ಕುಣಿಗಲ್ ಕಳೆದು, ಬೆಳ್ಳೂರು ಕ್ರಾಸಿನತ್ತ ಎಪ್ಪತ್ತರ ವೇಗದಲ್ಲಿ ಒಂದೇ ಸಮನೆ ಹೋಗುತ್ತಿದ್ದಾಗ, ಊರೊಳಗೆ ಡುಗ್ ಡುಗ್ ಎನ್ನುತ್ತಿದ್ದ ಆ ಸದ್ದು ಹೆಲ್ಮೆಟ್ಟಿನೊಳಗೆ ಗುಂಯ್ ಎನ್ನುವ ಏಕನಾದವಾಗಿ ತುಂಬಿಕೊಂಡಿತು. ವೇಗವನ್ನು ಸ್ವಲ್ಪ ಏರಿಸಿದರೂ ಇಳಿಸಿದರೂ ಅದು ಬಿಡಲಿಲ್ಲ. ಚನ್ನರಾಯಪಟ್ಟಣದ ಹತ್ತಿರ ಹಿಂದಿನಿಂದ ಬಂದ ಲಾರಿಯೊಂದರ ಹಾರ್ನ್ ನನಗೆ ಕೇಳಿಸಿದ್ದು ಅದು ತೀರಾ ಪಕ್ಕಕ್ಕೆ ಬಂದ ಮೇಲೆ. ಹಾಸನ ತಲುಪಿ ಗಾಡಿ ನಿಲ್ಲಿಸಿದ ಮೇಲೂ ರಾತ್ರಿಯವರೆಗೆ ಕಿವಿಯಲ್ಲಿ ಸಣ್ಣ ಸಿಳ್ಳೆಯಂತಹ ಸದ್ದು ಉಳಿದಿತ್ತು. ಮರುದಿನ ಹಿಂದಿರುಗುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದೆ: ಗಾಡಿಯ ದನಿ ಗಂಭೀರವಾಗಿರಬೇಕು, ಕೇಳಲು ಹಿತವಾಗಿರಬೇಕು, ಇನ್ನೂರು ಕಿಲೋಮೀಟರ್ ಓಡಿಸಿದರೂ ತಲೆ ನೋಯಬಾರದು, ಮತ್ತು ಇದೆಲ್ಲ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಬೇಕು. ಎರಡೂ ಟೈರುಗಳನ್ನು ಬದಲಾಯಿಸುವುದು ಬಾಕಿಯಿದ್ದುದರಿಂದ ಅದಕ್ಕಿಂತ ಹೆಚ್ಚು ಹಣವನ್ನು ಸದ್ದಿಗಾಗಿ ತೆಗೆದಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಈ ದನಿ ಹುಟ್ಟುವ ಬಗೆಯನ್ನು ತಿಳಿದುಕೊಂಡದ್ದರಿಂದ ನನಗೆ ಬಹಳ ಹಣ ಉಳಿಯಿತು. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್, ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಸಲ ಮಾತ್ರ ಉರಿದ ಅನಿಲವನ್ನು ಹೊರಗೆಸೆಯುತ್ತದೆ. ಗಾಡಿ ನಿಂತಲ್ಲೇ ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ 500 ಬಡಿತ, ಎಂದರೆ ಸೆಕೆಂಡಿಗೆ ಎಂಟು ಚಿಲ್ಲರೆ. ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆ ಬರುವ ಬಡಿತಗಳನ್ನು ಮನುಷ್ಯನ ಕಿವಿ ಒಂದು ಸ್ವರವಾಗಿ ಕೂಡಿಸಿಕೊಳ್ಳಲಾರದು. ಅವು ಬಿಡಿಬಿಡಿಯಾಗಿ, ತಾಳದ ಪೆಟ್ಟುಗಳಂತೆ ಕೇಳುತ್ತವೆ. ಅದೇ ಎಂಜಿನ್ 3,000 ಸುತ್ತಿಗೆ ಏರಿದಾಗ ಸೆಕೆಂಡಿಗೆ 25 ಬಡಿತಗಳಾಗಿ, ಪೆಟ್ಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸ್ವರವಾಗುತ್ತವೆ. ಹೀಗಾಗಿ ಬುಲೆಟ್ಟು ನಿಂತಾಗ ನಮಗೆ ಕೇಳುವುದು ತಾಳ, ಓಡುವಾಗ ಕೇಳುವುದು ಶ್ರುತಿ. ಅಂಗಡಿಯ ಮುಂದೆ ನಿಲ್ಲಿಸಿ ಕೇಳಿಸುವ ಸೈಲೆನ್ಸರುಗಳೆಲ್ಲ ತಾಳಕ್ಕೆ ಚೆನ್ನಾಗಿರುತ್ತವೆ. ಅವುಗಳ ಶ್ರುತಿ ಹೇಗಿದೆಯೆಂದು ತಿಳಿಯುವುದು ಹೆದ್ದಾರಿಗೆ ಬಂದ ಮೇಲೆಯೇ, ಹಣ ಕೊಟ್ಟು ಮುಗಿದ ಮೇಲೆ.

ಪ್ರತಿಯೊಂದು ಬಡಿತದಲ್ಲೂ ಎರಡು ಪದರಗಳಿರುತ್ತವೆ. ಒಂದು, ಎದೆಗೆ ತಾಗುವ ಕೆಳದನಿ. ಇನ್ನೊಂದು, ಬಿಸಿ ಅನಿಲ ಒಮ್ಮೆಲೇ ನುಗ್ಗಿ ಹೊರಬರುವಾಗಿನ ಚಟ್ ಎನ್ನುವ ಚೂಪಾದ ಅಂಚು. ನಾವು ಗಂಭೀರವೆಂದು ಮೆಚ್ಚುವುದು ಮೊದಲನೆಯದನ್ನು, ಕಿವಿಗೆ ಹೊಡೆಯುವುದು ಎರಡನೆಯದು. ಕಛೇರಿಗೆ ಮುನ್ನ ಮೃದಂಗದ ಎಡಭಾಗಕ್ಕೆ ರವೆ ಕಲಸಿ ಹಚ್ಚುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗುಂಕಿ ಎಂಬ ಕೆಳನಾದ ಬರುವುದು ಬಲವಾಗಿ ಬಾರಿಸುವುದರಿಂದಲ್ಲ, ಚರ್ಮದ ಮೇಲೆ ಕುಳಿತ ಭಾರದಿಂದ. ಸೈಲೆನ್ಸರಿನಲ್ಲಿಯೂ ಹಾಗೆಯೇ, ಒಳಗಿರುವುದನ್ನೆಲ್ಲ ಕಿತ್ತು ಖಾಲಿ ಮಾಡಿದರೆ ಸದ್ದು ಹೆಚ್ಚುತ್ತದೆ, ಆದರೆ ಹೆಚ್ಚಾಗುವುದರಲ್ಲಿ ದೊಡ್ಡ ಪಾಲು ಚೂಪಾದ ಅಂಚಿನದು.

ಸದ್ದನ್ನು ಅಡಗಿಸುವುದಕ್ಕೆ ಸೈಲೆನ್ಸರುಗಳಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಕಂಪನಿಯ ಸೈಲೆನ್ಸರಿನಲ್ಲಿ ನಮ್ಮ ಮೆಕ್ಯಾನಿಕ್‌ಗಳು ಬ್ಯಾಫಲ್ ಎಂದು ಕರೆಯುವ ತಡೆತಟ್ಟೆಗಳಿದ್ದು, ಒಳಭಾಗ ಹಲವು ಕೋಣೆಗಳಾಗಿ ಒಡೆದಿರುತ್ತದೆ. ಸದ್ದಿನ ಅಲೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಣ್ಣ ಕೊಳವೆಯ ಮೂಲಕ ಹಾಯುವಾಗ ಗೋಡೆಗೆ ಬಡಿದು ಹಿಂತಿರುಗಿ, ಎದುರಿನಿಂದ ಬರುತ್ತಿರುವ ಅಲೆಯನ್ನು ಸಂಧಿಸುತ್ತದೆ, ಎರಡೂ ಕುಗ್ಗುತ್ತವೆ. ಇನ್ನೊಂದು ದಾರಿಯಲ್ಲಿ ನಡುವೆ ತೂತುಗಳಿರುವ ನೇರ ಕೊಳವೆಯೊಂದು ಹಾದುಹೋಗುತ್ತದೆ. ಅದರ ಸುತ್ತ ಗ್ಲಾಸ್ ವೂಲ್, ಎಂದರೆ ಗಾಜಿನ ಎಳೆಗಳ ಉಣ್ಣೆ, ತುಂಬಿರುತ್ತದೆ. ತೂತುಗಳಿಂದ ಒಳನುಸುಳಿದ ಅಲೆ ಆ ಎಳೆಗಳ ನಡುವೆ ತಿಕ್ಕಾಡಿ ಶಾಖವಾಗಿ ಹೋಗುತ್ತದೆ. ಮೇಲುದನಿಯನ್ನು ಗ್ಲಾಸ್ ವೂಲ್ ಚೆನ್ನಾಗಿ ನುಂಗುತ್ತದೆ, ಕೆಳದನಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬುಲೆಟ್ಟಿಗೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಗೋಲ್ಡ್ ಸ್ಟಾರ್, ಮೆಗಾಫೋನ್, ಪಂಜಾಬಿ, ಇಂದೋರಿ ಎಂಬ ಹೆಸರುಗಳಲ್ಲಿ ಸಿಗುವ ಸೈಲೆನ್ಸರುಗಳಲ್ಲಿ ಬಹುಪಾಲು ಎರಡನೆಯ ಬಗೆಯವು, ಇಲ್ಲವೇ ಒಳಗೆ ಹೆಚ್ಚೇನೂ ಇಲ್ಲದ ಬರಿಯ ಡಬ್ಬಗಳು. ಗೋಲ್ಡ್ ಸ್ಟಾರ್ ಎಂಬ ಹೆಸರು ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ ಹಳೆಯ ಗಾಡಿಯೊಂದರಿಂದ ಬಂದದ್ದು; ಇಂದು ಇಲ್ಲಿ ಆ ಹೆಸರಿನಲ್ಲಿ ಮಾರುವ ವಸ್ತುವಿಗೂ ಅದಕ್ಕೂ ಆಕಾರದ ಹೋಲಿಕೆಯ ಹೊರತು ಬೇರೆ ನಂಟಿಲ್ಲ.

ನನ್ನ ಗಾಡಿಯಲ್ಲಿದ್ದುದೂ ಎರಡನೆಯ ಬಗೆಯದೇ. ಆದ್ದರಿಂದ ಮೊದಲು ಅದನ್ನೇ ಸರಿಪಡಿಸಿ ನೋಡೋಣವೆಂದುಕೊಂಡೆ, ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗದ ದಾರಿಯಾಗಿತ್ತು. ಹಿಂಭಾಗದ ಮುಚ್ಚಳವನ್ನು ಹಿಡಿದಿದ್ದ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆದಾಗ ಒಳಗೆ ಕಂಡದ್ದು ತೂತುಗಳ ಕೊಳವೆ ಮತ್ತು ಅದರ ಬುಡದಲ್ಲಿ ಕಪ್ಪಗೆ ಗಂಟುಕಟ್ಟಿದ ಒಂದು ಹಿಡಿ ಉಣ್ಣೆ. ಉಳಿದದ್ದೆಲ್ಲ ಯಾವಾಗಲೋ ಉರಿದು ಹಾರಿಹೋಗಿತ್ತು. ಶಾಖ ತಡೆಯುವ ಸಾಮಾನುಗಳನ್ನು ಮಾರುವ ಅಂಗಡಿಯಿಂದ ಗ್ಲಾಸ್ ವೂಲಿನ ತುಂಡೊಂದನ್ನು ತಂದು, ಅದರ ಬೆನ್ನಿಗಿದ್ದ ಅಲ್ಯುಮಿನಿಯಂ ಹಾಳೆಯನ್ನು ಸುಲಿದು, ಕೊಳವೆಯ ಸುತ್ತ ಸುತ್ತಿ ಮುಚ್ಚಳ ಹಾಕಿದೆ. ಈ ಕೆಲಸ ಮಾಡುವವರು ಕೈಗವಸು, ಮುಖಕ್ಕೆ ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದೆ ಕೂರಬಾರದು. ಗಾಜಿನ ಆ ಎಳೆಗಳು ಚರ್ಮಕ್ಕೆ ಹೊಕ್ಕರೆ ಎರಡು ದಿನ ತುರಿಕೆ ಬಿಡುವುದಿಲ್ಲ, ಉಸಿರಿನೊಂದಿಗೆ ಒಳಗೆ ಹೋದರೆ ಗಂಟಲು ಕೆರೆಯುತ್ತದೆ. ಮೊದಲ ಸಲ ಬಿಸಿಯಾದಾಗ ಉಣ್ಣೆಯಲ್ಲಿರುವ ಅಂಟು ಸುಟ್ಟು ಸ್ವಲ್ಪ ಹೊಗೆ ಬರುತ್ತದೆ. ಆ ಹೊತ್ತಿನಲ್ಲಿ ಗಾಡಿಯನ್ನು ಬಯಲಿನಲ್ಲಿಯೇ ನಿಲ್ಲಿಸಿರಬೇಕು.

ಪರಿಣಾಮ ಕೂಡಲೇ ತಿಳಿಯಿತು. ಚಟ್ ಚಟ್ ಎನ್ನುವ ಅಂಚು ಮಾಯವಾಗಿ, ತಗಡಿನ ಡಬ್ಬಕ್ಕೆ ಹೊಡೆದಂತಿದ್ದ ದನಿಯ ಬದಲು ಮರದ ದಿಮ್ಮಿಗೆ ಕೊಡತಿಯಿಂದ ಹೊಡೆದಂತಹ ದನಿ ಬಂತು. ಆದರೆ ಎರಡು ತಿಂಗಳಲ್ಲಿ ಹಳೆಯ ಸದ್ದು ಮತ್ತೆ ಹಣಿಕಿತು. ಬಿಚ್ಚಿ ನೋಡಿದರೆ ಕೊಳವೆಯ ತೂತುಗಳು ದೊಡ್ಡವಾಗಿದ್ದುದರಿಂದ ಅನಿಲದ ರಭಸಕ್ಕೆ ಉಣ್ಣೆ ಚೂರುಚೂರಾಗಿ ಹೊರಗೆ ಹೋಗಿತ್ತು. ಎರಡನೆಯ ಸಲ ಮೊದಲು ಕೊಳವೆಗೆ ಸ್ಟೇನ್‌ಲೆಸ್ ಸ್ಟೀಲಿನ ಉಣ್ಣೆಯನ್ನು ಒಂದು ಪದರವಾಗಿ ಸುತ್ತಿ, ಅದರ ಮೇಲೆ ಗ್ಲಾಸ್ ವೂಲ್ ಸುತ್ತಿದೆ. ಅದು ಬಾಳಿಕೆ ಬಂತು. ತುಂಬುವಾಗ ಕೈ ಹಿಡಿತದಲ್ಲಿರಬೇಕು. ಸಡಿಲವಾದರೆ ಬೇಗ ಹಾರಿಹೋಗುತ್ತದೆ, ಒತ್ತಿ ತುರುಕಿದರೆ ಎಳೆಗಳ ನಡುವೆ ಜಾಗವಿಲ್ಲದೆ ಸದ್ದನ್ನು ನುಂಗುವ ಗುಣವೇ ಹೋಗುತ್ತದೆ. ಈ ಎರಡು ಸಲದ ಕೆಲಸಕ್ಕೂ ಸೇರಿ ನನಗೆ ಖರ್ಚಾದದ್ದು 190 ರೂಪಾಯಿ.

ಆದರೂ ಹಾಸನದ ದಾರಿಯ ಆ ಗುಂಯ್ ಸದ್ದು ಹೋಗಲಿಲ್ಲ. ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಉಣ್ಣೆ ಮೇಲುದನಿಯನ್ನು ನುಂಗುತ್ತದೆ, ಸೆಕೆಂಡಿಗೆ 25 ಅಥವಾ 30 ಬಡಿತದ ಕೆಳದನಿಯನ್ನು ತಡೆಯುವುದಕ್ಕೆ ಕೋಣೆಗಳೂ ಒಟ್ಟಾರೆ ದೊಡ್ಡ ಗಾತ್ರವೂ ಬೇಕು. ಗಿಡ್ಡ ಸೈಲೆನ್ಸರಿನಲ್ಲಿ ಎರಡಕ್ಕೂ ಜಾಗವಿಲ್ಲ. ಅಂಗಡಿಯವರು ಹಿಂಬಾಯಿಗೆ ತುರುಕಲು ಕೊಡುವ ಡಿಬಿ ಕಿಲ್ಲರ್ ಎಂಬ ಸಣ್ಣ ಕೊಳವೆಯನ್ನೂ ಹಾಕಿ ನೋಡಿದೆ. ಸದ್ದು ತಗ್ಗಿತು, ಜೊತೆಗೆ ದನಿ ಮೂಗಿನಿಂದ ಬಂದಂತಾಯಿತು. ಅದನ್ನು ಮರುದಿನವೇ ಹಿಂದಿರುಗಿಸಿದೆ.

ಇಲ್ಲಿಂದ ಮುಂದೆ ನಾನು ಹಿಡಿದ ದಾರಿ ಬುಲೆಟ್ ಪ್ರಿಯರಾದ ಹಲವು ಗೆಳೆಯರಿಗೆ ರುಚಿಸಲಿಲ್ಲ. ಕಂಪನಿಯ ಸೈಲೆನ್ಸರನ್ನೇ ಮತ್ತೆ ಹಾಕಿಸಲು ತೀರ್ಮಾನಿಸಿದೆ. ಹೊಸದರ ಬೆಲೆ ನನ್ನ ಲೆಕ್ಕಕ್ಕೆ ಒಗ್ಗುವಂತಿರಲಿಲ್ಲ. ಆದರೆ ಈ ವಸ್ತುವಿನ ಮಾರುಕಟ್ಟೆಯಲ್ಲಿ ಒಂದು ವಿಶೇಷವಿದೆ. ಹೊಸ ಗಾಡಿ ಕೊಂಡ ಮೊದಲ ತಿಂಗಳಲ್ಲೇ ಕಂಪನಿಯ ಸೈಲೆನ್ಸರನ್ನು ಕಳಚಿಸಿ ಬೇರೆಯದನ್ನು ಹಾಕಿಸಿಕೊಳ್ಳುವವರು ಬಹಳ ಮಂದಿ ಇರುವುದರಿಂದ, ಗೀರು ಕೂಡ ಬೀಳದ ಕಂಪನಿಯ ಸೈಲೆನ್ಸರುಗಳು ಮೆಕ್ಯಾನಿಕ್ ಶಾಪುಗಳ ಅಟ್ಟಗಳಲ್ಲಿಯೂ ಶಿವಾಜಿನಗರದ ಗುಜರಿಗಳಲ್ಲಿಯೂ ಕೇಳುವವರಿಲ್ಲದೆ ಬಿದ್ದಿರುತ್ತವೆ. ಹೆಚ್ಚು ಜನ ಬೇಡವೆಂದು ಬಿಟ್ಟ ವಸ್ತು ಅಗ್ಗವಾಗಿ ಸಿಗುತ್ತದೆ, ಅದರ ಗುಣಮಟ್ಟ ಎಷ್ಟೇ ಮೇಲಿರಲಿ. ಮೂರು ಭಾನುವಾರ ಅಲೆದ ಮೇಲೆ ನನ್ನ ಗಾಡಿಯ ಮಾದರಿಗೇ ಹೊಂದುವ, ಬಿಚ್ಚಿಟ್ಟು ಹೆಚ್ಚು ಕಾಲವಾಗದ ಒಂದು ಸೈಲೆನ್ಸರ್ 900 ರೂಪಾಯಿಗೆ ಸಿಕ್ಕಿತು.

ಹಳೆಯ ಸೈಲೆನ್ಸರನ್ನು ಆರಿಸುವಾಗ ಹೊರಗಿನ ಕ್ರೋಮ್ ಹೊಳಪಿಗೆ ಮರುಳಾಗಬಾರದು. ನಾನು ನೋಡಿದ ಹದಿನೈದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೈಬಿಟ್ಟದ್ದು ಒಳಗಿನ ಕಾರಣಗಳಿಗಾಗಿ. ಎರಡೂ ಕೈಯಲ್ಲಿ ಎತ್ತಿ ಜೋರಾಗಿ ಅಲುಗಾಡಿಸಿದಾಗ ಒಳಗೆ ಏನಾದರೂ ಗಿಲಿಗುಟ್ಟಿದರೆ ತಡೆತಟ್ಟೆಯ ಬೆಸುಗೆ ಬಿಟ್ಟಿದೆಯೆಂದೇ ಅರ್ಥ. ಅಂಥದ್ದು ಗಾಡಿಯಲ್ಲಿ ಕುಳಿತ ಮೇಲೆ ಎಲ್ಲ ವೇಗದಲ್ಲೂ ಗೆಜ್ಜೆಯಂತೆ ಸದ್ದು ಮಾಡುತ್ತದೆ. ತೂಕ ಕಡಿಮೆಯೆನಿಸಿದರೆ ಯಾರೋ ಒಳಗಿನದನ್ನು ಕತ್ತರಿಸಿ ತೆಗೆದು ಮತ್ತೆ ಬೆಸುಗೆ ಹಾಕಿರುತ್ತಾರೆ. ಹಿಂಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಕೊನೆಯ ತಟ್ಟೆಗೆ ಡ್ರಿಲ್ಲಿನಿಂದ ತೂತು ಹೊಡೆದಿದ್ದಾರೆಯೇ ಎಂಬುದು ತಿಳಿಯುತ್ತದೆ. ಖರ್ಚಿಲ್ಲದೆ ಸದ್ದು ಹೆಚ್ಚಿಸುವ ಉಪಾಯವೆಂದು ಈ ತೂತು ಹೊಡೆಯುವುದು ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಒಮ್ಮೆ ಹೊಡೆದ ಮೇಲೆ ಅದನ್ನು ಹಿಂದಕ್ಕೆ ತರಲಾಗುವುದಿಲ್ಲ, ಮತ್ತು ಅದರಿಂದ ಬರುವುದು ಗಂಭೀರತೆಯಲ್ಲ, ಬಿರುಕು ಬಿಟ್ಟ ಕಂಚಿನ ತಟ್ಟೆಯ ದನಿ. ಕೊನೆಯದಾಗಿ ಹೊಟ್ಟೆಯ ಕೆಳಭಾಗದ ಬೆಸುಗೆಯ ಗೆರೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ತುಕ್ಕು ಮೊದಲು ತಿನ್ನುವುದು ಅಲ್ಲಿಂದಲೇ.

ಸೈಲೆನ್ಸರ್ ಕೂರಿಸಿ ಗಾಡಿ ಚಾಲೂ ಮಾಡಿದಾಗ ಗುಂಯ್ ಸದ್ದು ಹೋಗಿತ್ತು, ಆದರೆ ನಾನು ನಿರೀಕ್ಷಿಸಿದ ದನಿಯೂ ಬಂದಿರಲಿಲ್ಲ. ಪ್ರತಿ ಬಡಿತದ ಜೊತೆಗೂ ಚಿಸ್ ಎನ್ನುವ ಸಣ್ಣ ಸದ್ದು ಬೆರೆತಿತ್ತು. ಥ್ರಾಟಲ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಹಿಂದಿನಿಂದ ಪಟಪಟ ಸಿಡಿತ ಮೊದಲಿನಂತೆಯೇ ಇತ್ತು. ನಮ್ಮ ಬಡಾವಣೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅರ್ಧ ನಿಮಿಷ ಕೇಳಿ, "ಸಾರ್, ನೀವು ಇಷ್ಟು ದಿನ ಬಾಲ ಹಿಡ್ಕೊಂಡು ಒದ್ದಾಡ್ತಿದ್ರಿ, ರೋಗ ತಲೆ ಹತ್ರ ಇದೆ. ಬೆಂಡ್ ಪೈಪ್ ಬುಡ ನೋಡಿ, ಹೊಗೆ ಅಲ್ಲೇ ಸೋರ್ತಿದೆ" ಎಂದರು.

ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪು ಸಿಲಿಂಡರ್ ಹೆಡ್ಡಿಗೆ ಸೇರುವಲ್ಲಿ ಉಂಗುರದಂತಹ ಒಂದು ಗ್ಯಾಸ್ಕೆಟ್ ಇರುತ್ತದೆ. ಬೆಲೆ ನೂರು ರೂಪಾಯಿಯ ಒಳಗೆ. ಸೈಲೆನ್ಸರನ್ನು ಬಿಚ್ಚಿ ಹಾಕಿದಾಗಲೆಲ್ಲ ಪೈಪು ಅಲುಗಾಡಿ ಈ ಗ್ಯಾಸ್ಕೆಟ್ ಹಿಡಿತ ಕಳೆದುಕೊಳ್ಳುತ್ತದೆ. ಆದರೆ ಸೈಲೆನ್ಸರ್ ಬದಲಾಯಿಸುವವರು ಇದನ್ನು ಬದಲಾಯಿಸುವುದು ಅಪರೂಪ. ಸೋರಿಕೆಯನ್ನು ಮನೆಯಲ್ಲೇ ಪತ್ತೆಹಚ್ಚಬಹುದು. ರಾತ್ರಿಯಿಡೀ ತಣ್ಣಗಿದ್ದ ಗಾಡಿಯನ್ನು ಬೆಳಿಗ್ಗೆ ಬಯಲಿನಲ್ಲಿ ಚಾಲೂ ಮಾಡಿ, ಪೈಪು ಕಾಯುವ ಮುನ್ನ, ದಪ್ಪನೆಯ ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಹಿಂಬಾಯಿಯನ್ನು ಎರಡು ಮೂರು ಸೆಕೆಂಡು ಅರೆಬರೆ ಮುಚ್ಚಿದರೆ, ಬೇರೆಲ್ಲಿ ಸಂದು ಇದೆಯೋ ಅಲ್ಲಿಂದ ಅನಿಲ ಚಿಸ್ ಎಂದು ಹೊರಬರುತ್ತದೆ. ಸಂದಿನ ಸುತ್ತ ಹೊಗೆಮಸಿಯ ಕಪ್ಪು ಗೆರೆ ಇದ್ದರೂ ಅದೇ ಸಾಕ್ಷಿ. ಮುಚ್ಚಿದ ಗ್ಯಾರೇಜಿನೊಳಗೆ ಇದನ್ನು ಎಂದೂ ಮಾಡಬಾರದು, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುವುದು ಸದ್ದಿಲ್ಲದೆ.

ಈ ಸೋರಿಕೆಗೂ ಇಳಿಜಾರಿನ ಸಿಡಿತಕ್ಕೂ ನೇರ ಸಂಬಂಧವಿದೆ. ಪೈಪಿನೊಳಗೆ ಪ್ರತಿ ಬಡಿತದ ಹಿಂದೆಯೇ ಒತ್ತಡ ಒಂದು ಕ್ಷಣ ಹೊರಗಿನ ಗಾಳಿಗಿಂತ ಕೆಳಗೆ ಇಳಿಯುತ್ತದೆ. ಆ ಕ್ಷಣದಲ್ಲಿ ಸಂದಿನಿಂದ ತಾಜಾ ಗಾಳಿ ಒಳಗೆ ಎಳೆಯಲ್ಪಟ್ಟು, ಅರೆಬೆಂದ ಪೆಟ್ರೋಲ್ ಆವಿಯೊಂದಿಗೆ ಬೆರೆತು, ಕಾದ ಪೈಪಿನೊಳಗೆ ಹೊತ್ತಿಕೊಳ್ಳುತ್ತದೆ. ಪಟಪಟ ಎನ್ನುವುದು ಅದೇ. ಇದನ್ನು ಗಾಡಿಯ ಗತ್ತು ಎಂದು ಮೆಚ್ಚಿ, ಬೇಕೆಂದೇ ಮಾಡಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಅದು ಎಂಜಿನ್ ಹೇಳಿಕೊಳ್ಳುತ್ತಿರುವ ದೂರು ಎಂದೇ ನನ್ನ ಅಭಿಪ್ರಾಯ.

ಗ್ಯಾಸ್ಕೆಟ್ ಬದಲಾಯಿಸುವ ಕೆಲಸ ಸುಲಭ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಪೈಪನ್ನು ಹಿಡಿದಿರುವ ನಟ್ಟುಗಳು ವರ್ಷಗಟ್ಟಲೆ ಕಾದು ತಣಿದು ತುಕ್ಕು ಹಿಡಿದಿರುತ್ತವೆ. ಬಲವಂತ ಮಾಡಿದರೆ ಸ್ಟಡ್ ಮುರಿದು, ಅದರ ತುಂಡು ಹೆಡ್ಡಿನೊಳಗೇ ಉಳಿಯುತ್ತದೆ; ಅದನ್ನು ಲೇತಿನವರಲ್ಲಿ ತೆಗೆಸುವ ಖರ್ಚಿನಲ್ಲಿ ಈ ಇಡೀ ಕೆಲಸ ಎರಡು ಸಲ ಆಗುತ್ತಿತ್ತು. ನಾವು ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಸಿಂಪಡಿಸಿಟ್ಟು, ಬೆಳಿಗ್ಗೆ ಸ್ವಲ್ಪ ಬಿಚ್ಚುವುದು, ಸ್ವಲ್ಪ ಬಿಗಿ ಮಾಡುವುದು, ಮತ್ತೆ ಬಿಚ್ಚುವುದು, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆದೆವು. ಹಳೆಯ ಗ್ಯಾಸ್ಕೆಟ್ಟು ಎರಡು ಹೋಳಾಗಿ ಬಂತು. ಕೂರುವ ಜಾಗವನ್ನು ಕೆರೆದು ಸ್ವಚ್ಛಗೊಳಿಸಿ ಹೊಸದನ್ನಿಟ್ಟು, ನಟ್ಟುಗಳನ್ನು ಮೊದಲು ಕೈಯಿಂದ ಮಾತ್ರ ತಿರುಗಿಸಿ, ಹಿಂಭಾಗದ ಸೈಲೆನ್ಸರಿನ ಕ್ಲ್ಯಾಂಪ್ ಮತ್ತು ಬ್ರ್ಯಾಕೆಟ್ಟಿನ ಬೋಲ್ಟುಗಳನ್ನೂ ಸಡಿಲವಾಗಿಯೇ ಹಾಕಿ, ಇಡೀ ಸಾಲು ಎಲ್ಲೂ ಎಳೆತವಿಲ್ಲದೆ ತನ್ನ ಜಾಗದಲ್ಲಿ ಕುಳಿತ ಮೇಲಷ್ಟೇ ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ, ನಟ್ಟುಗಳನ್ನು ಒಂದು ಬಿಟ್ಟು ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಗ್ಯಾಸ್ಕೆಟ್ ಓರೆಯಾಗಿ ಕೂತು ಮೊದಲ ದಿನದಿಂದಲೇ ಸೋರುತ್ತದೆ. ಎರಡು ದಿನ ಓಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಇನ್ನೊಮ್ಮೆ ಬಿಗಿ ನೋಡಿದೆವು. ಕಾಲು ಸುತ್ತಿನಷ್ಟು ಸಡಿಲವಾಗಿತ್ತು.

ಅನಂತರ ಸ್ಪಾರ್ಕ್ ಪ್ಲಗ್ಗುಗಳು. ಈ ಎಂಜಿನ್ನಿಗೆ ಎರಡಿವೆ. ಎರಡರ ತುದಿಯೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ಗು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿರಬೇಕು; ಬಿಳಿಯೆಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ, ಕಪ್ಪು ಮಸಿಯೆಂದರೆ ಪೆಟ್ರೋಲ್ ಹೆಚ್ಚಾಗಿದೆ ಎಂದು ಅರ್ಥ. ಕಂಪನಿಯವರು ತಮ್ಮ ಸೈಲೆನ್ಸರಿನ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರಿನ ಜೆಟ್ಟುಗಳನ್ನು, ಎಂದರೆ ಪೆಟ್ರೋಲ್ ಹಾಯುವ ಸಣ್ಣ ತೂತುಗಳನ್ನು, ನಿಗದಿಪಡಿಸಿರುತ್ತಾರೆ. ಜೆಟ್ಟನ್ನು ಮುಟ್ಟದೆ ಸೈಲೆನ್ಸರನ್ನು ಮಾತ್ರ ಖಾಲಿ ಕೊಳವೆಗೆ ಬದಲಾಯಿಸಿದರೆ ಮಿಶ್ರಣ ತೆಳುವಾಗುತ್ತದೆ. ಸದ್ದಿನ ಸೈಲೆನ್ಸರ್ ಹಾಕಿದರೆ ಪಿಕಪ್ ಹೆಚ್ಚುತ್ತದೆಂದು ಹೇಳುವವರು ಒಮ್ಮೆ ತಮ್ಮ ಪ್ಲಗ್ಗನ್ನು ಬಿಚ್ಚಿ ನೋಡಬೇಕೆಂದು ನನ್ನ ಕೋರಿಕೆ. ಹೆಚ್ಚಿದ ಸದ್ದನ್ನು ಮನಸ್ಸು ವೇಗವೆಂದು ಎಣಿಸಿಕೊಳ್ಳುತ್ತದೆ. ಕಾರ್ಬುರೇಟರ್ ಬಿಚ್ಚಿ ತೊಳೆದು, ಏರ್ ಫಿಲ್ಟರ್ ದೂಳು ಕೊಡವಿ, ಹೊಸ ಪ್ಲಗ್ಗುಗಳನ್ನು ಹಾಕಿದ ಮೇಲೆ ಇಳಿಜಾರಿನ ಸಿಡಿತ ಪೂರ್ತಿ ನಿಂತಿತು. 2020ರ ಏಪ್ರಿಲ್ ತಿಂಗಳಿನಿಂದ, ಹೊಗೆಯ ಬಿಎಸ್ 6 ಮಾನದಂಡಕ್ಕೆ ತಕ್ಕಂತೆ ಬಂದ ಗಾಡಿಗಳಲ್ಲಿ ಕಾರ್ಬುರೇಟರಿನ ಬದಲು ಫ್ಯುಯಲ್ ಇಂಜೆಕ್ಷನ್ ಇರುವುದರಿಂದಲೂ, ಹೊಗೆಯ ದಾರಿಯಲ್ಲಿ ಆಮ್ಲಜನಕದ ಸೆನ್ಸರ್ ಮತ್ತು ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದಲೂ, ಅವುಗಳ ಪೈಪಿಗೆ ಮನೆಯಲ್ಲಿ ಕೈಹಾಕುವುದನ್ನು ನಾನು ಸೂಚಿಸುವುದಿಲ್ಲ.

ಗಾಡಿ ನಿಂತಾಗಿನ ತಾಳದ ಬಗ್ಗೆ ಒಂದು ಮಾತು. ಹಳೆಯ ಬೀಡುಕಬ್ಬಿಣದ ಎಂಜಿನ್ನಿನ ಬುಲೆಟ್ಟುಗಳ ನಿಧಾನದ ಡುಗ್... ಡುಗ್... ತಾಳವನ್ನು ಹೊಸ ಗಾಡಿಯಲ್ಲಿ ತರಿಸಬೇಕೆಂದು ಬಹಳ ಜನ, ನಿಂತ ಗಾಡಿಯ ಎಂಜಿನ್ ವೇಗವನ್ನು ಹೊಂದಿಸುವ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಎಂಜಿನ್ ಇನ್ನೇನು ನಿಲ್ಲುತ್ತದೆ ಎನ್ನುವಷ್ಟು ಇಳಿಸುತ್ತಾರೆ. ಹಣ ಖರ್ಚಿಲ್ಲದ ಉಪಾಯವಾದರೂ ಇದು ಅಪಾಯದ್ದು. ಆಯಿಲ್ ಪಂಪು ತಿರುಗುವುದು ಎಂಜಿನ್ನಿನಿಂದಲೇ ಆದ್ದರಿಂದ ಸುತ್ತು ಇಳಿದಷ್ಟೂ ಮೇಲಕ್ಕೆ ಹೋಗುವ ಎಣ್ಣೆ ಕಡಿಮೆಯಾಗುತ್ತದೆ. 2010ರ ಹೊತ್ತಿಗೆ ಬೀಡುಕಬ್ಬಿಣದ ಎಂಜಿನ್ನಿನ ಜಾಗಕ್ಕೆ ಬಂದ, ನನ್ನ ಗಾಡಿಯಲ್ಲೂ ಇರುವ ಯುಸಿಇ ಎಂಜಿನ್ನಿನಲ್ಲಿ (ಎಂಜಿನ್ ಮತ್ತು ಗೇರ್ ಬಾಕ್ಸ್ ಒಂದೇ ಕವಚದಲ್ಲಿರುವಂಥದ್ದು) ಕವಾಟಗಳನ್ನು ತೆರೆಯಲು ನೆರವಾಗುವ ಟ್ಯಾಪೆಟ್ಟುಗಳು ಕೆಲಸ ಮಾಡುವುದೂ ಎಣ್ಣೆಯ ಒತ್ತಡದಿಂದಲೇ. ಎರಡೂ ಎಂಜಿನ್ನುಗಳ ಬೋರ್ (ಸಿಲಿಂಡರಿನ ಅಗಲ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಒಂದೇ, 70 ಮತ್ತು 90 ಮಿಲಿಮೀಟರ್, ಒಟ್ಟು 346 ಸಿಸಿ. ಆದರೂ ದನಿ ಬೇರೆಯಾಗಿರುವುದು ಹೊಗೆಯ ಕೊಳವೆಯೊಂದರಿಂದಲ್ಲ. ಹಳೆಯದರಲ್ಲಿ ಟ್ಯಾಪೆಟ್, ಪುಶ್‌ರಾಡ್, ಚೈನು ಎಲ್ಲವೂ ತಮ್ಮ ತಮ್ಮ ಟಕಟಕ ಸೇರಿಸಿ ಒಂದು ಮೇಳವೇ ನಡೆಯುತ್ತಿತ್ತು. ಹೊಸ ಎಂಜಿನ್ನಿನಲ್ಲಿ ಆ ಮೇಳವಿಲ್ಲ. ಯಾವ ಸೈಲೆನ್ಸರೂ ಅದನ್ನು ಕೊಡಲಾರದು. ನಾನು ಸುಮಾರು 1,000 ಸುತ್ತಿಗೆ ನಿಲ್ಲಿಸಿದ್ದೇನೆ.

ಎರಡು ಸ್ಟ್ರೋಕಿನ ಗಾಡಿಯಿರುವವರಿಗೆ ಇದರಲ್ಲಿ ಬಹುಪಾಲು ಅನ್ವಯಿಸುವುದಿಲ್ಲ. 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳನ್ನು ಇಂದಿಗೂ ಜೋಪಾನವಾಗಿ ಓಡಿಸುತ್ತಿರುವವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಎಂಜಿನ್ನಿನಲ್ಲಿ ಸೈಲೆನ್ಸರಿನಿಂದ ಹಿಂತಿರುಗುವ ಅಲೆಯೇ ಹೊಸ ಮಿಶ್ರಣ ಸಿಲಿಂಡರಿನಿಂದ ಹೊರಗೆ ಜಾರದಂತೆ ತಡೆಯುವುದರಿಂದ, ಸೈಲೆನ್ಸರ್ ಎಂಜಿನ್ನಿನದೇ ಒಂದು ಭಾಗ. ಅದನ್ನು ಕತ್ತರಿಸಿದರೆ ಶಕ್ತಿ ಹೋಗುತ್ತದೆ. ಅಲ್ಲಿ ದನಿ ಕೆಡುವುದು ಪೆಟ್ರೋಲಿನೊಂದಿಗೆ ಬೆರೆಸುವ ಎಣ್ಣೆಯ ಕಾರ್ಬನ್ ಒಳಗೆ ಕಟ್ಟಿಕೊಂಡಾಗ. ಗೆಳೆಯರೊಬ್ಬರ ಯೆಜ್ಡಿಯ ಎರಡೂ ಸೈಲೆನ್ಸರುಗಳ ಬ್ಯಾಫಲುಗಳನ್ನು ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ತೊಳೆದದ್ದಷ್ಟೇ, ಕಟ್ಟಿದ ಗಂಟಲು ಬಿಟ್ಟಂತೆ ದನಿ ತೆರೆಯಿತು. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಅದು ಚರ್ಮ, ಕಣ್ಣುಗಳನ್ನು ಸುಡುತ್ತದೆ, ಅಲ್ಯುಮಿನಿಯಂ ಅನ್ನು ತಿನ್ನುತ್ತದೆ.

ನನ್ನ ಕೆಲಸದ ಮುನ್ನ ಮತ್ತು ಅನಂತರದ ಸದ್ದನ್ನು ಫೋನಿನ ಸೌಂಡ್ ಮೀಟರ್ ಆ್ಯಪಿನಿಂದ ಅಳೆದಿಟ್ಟಿದ್ದೆ. ಹಿಂಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, ಹೊಗೆ ನೇರವಾಗಿ ತಾಗದಂತೆ 45 ಡಿಗ್ರಿ ಓರೆಯಾಗಿ, ಅದೇ ಜಾಗದಲ್ಲಿ, ಅದೇ ಫೋನಿನಿಂದ. ಗಿಡ್ಡ ಸೈಲೆನ್ಸರಿಗೂ ಈಗಿನದಕ್ಕೂ 11 ಡೆಸಿಬೆಲ್ ವ್ಯತ್ಯಾಸ ಬಂತು. ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲ. ಒಂದೇ ಬಗೆಯ ಎರಡು ಬುಲೆಟ್ಟುಗಳು ಅಕ್ಕಪಕ್ಕ ನಿಂತು ಸದ್ದು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, 10 ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಕೇಳುತ್ತದೆ. ಫೋನಿನ ಅಂಕಿಯನ್ನು ಇಂತಹ ಹೋಲಿಕೆಗಷ್ಟೇ ಬಳಸಬೇಕು. ನಮ್ಮ ದೇಶದಲ್ಲಿ 175 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾಗಿರುವ 80 ಡೆಸಿಬೆಲ್ ಮಿತಿಯನ್ನು ಅಳೆಯುವುದು ಓಡುತ್ತಿರುವ ಗಾಡಿಯಿಂದ 7.5 ಮೀಟರ್ ದೂರದಲ್ಲಿ, ಬೇರೆಯೇ ಕ್ರಮದಲ್ಲಿ. ಎರಡನ್ನೂ ಒಂದಕ್ಕೊಂದು ಹೋಲಿಸಿ ವಾದಕ್ಕಿಳಿಯುವವರನ್ನು ಕಂಡಾಗ ಬೇಸರವಾಗುತ್ತದೆ. ಸದ್ದಿನ ಮತ್ತು ಹೊಗೆಯ ಮಾನದಂಡ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ನಿನಡಿ, 2019ರ ತಿದ್ದುಪಡಿಯ ಅನಂತರ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹವಾಗುತ್ತದೆ. ಅಗ್ಗದಲ್ಲಿ ಸದ್ದು ಬದಲಾಯಿಸುವ ಲೆಕ್ಕ ಹಾಕುವವರು ಈ ಅಂಕಿಗಳನ್ನೂ ಲೆಕ್ಕದೊಳಗೆ ಸೇರಿಸಿಕೊಳ್ಳಬೇಕು.

ಖರ್ಚಿನ ವಿವರ ಕೇಳುವವರಿಗಾಗಿ: ಸೈಲೆನ್ಸರಿಗೆ 900, ಗ್ಯಾಸ್ಕೆಟ್ಟಿಗೆ 80, ಕ್ಲ್ಯಾಂಪ್ ಮತ್ತು ರಬ್ಬರ್ ಬುಷ್‌ಗೆ 120, ಎರಡು ಪ್ಲಗ್ಗುಗಳಿಗೆ 260, ಕಾರ್ಬುರೇಟರ್ ತೊಳೆದು ಎಲ್ಲ ಜೋಡಿಸಿದ ಕೂಲಿ 400, ಮೊದಲೇ ಹೇಳಿದ ಉಣ್ಣೆಯ 190, ಒಟ್ಟು 1,950 ರೂಪಾಯಿ. ಗಿಡ್ಡ ಸೈಲೆನ್ಸರನ್ನು ಕೊಳ್ಳಲು ಇಬ್ಬರು ಬಂದಿದ್ದರು. ಅವರಿಗೆ ಕೊಡಲು ಮನಸ್ಸಾಗದೆ ಗುಜರಿಗೆ ತೂಕಕ್ಕೆ ಹಾಕಿದೆ, 110 ರೂಪಾಯಿ ಬಂತು.

ಮತ್ತೆ ಹಾಸನದ ದಾರಿಯಲ್ಲಿ ಹೋದಾಗ ಎಪ್ಪತ್ತರ ವೇಗದಲ್ಲಿ ಕೇಳಿಸಿದ್ದು ತಂಬೂರಿಯ ಮಂದ್ರದ ತಂತಿಯನ್ನು ಪಕ್ಕದ ಕೋಣೆಯಲ್ಲಿ ಮೀಟಿದಂತಹ ದನಿ. ಗಾಳಿಯ ಸದ್ದು ಕೇಳುತ್ತಿತ್ತು, ಹಿಂದಿನ ವಾಹನಗಳ ಹಾರ್ನ್ ಕೇಳುತ್ತಿತ್ತು, ಚೈನಿಗೆ ಎಣ್ಣೆ ಹಾಕಬೇಕಾಗಿದೆ ಎಂಬುದೂ ಮೊದಲ ಬಾರಿಗೆ ಕೇಳಿಸಿತು. ಈಗ ಉಳಿದಿರುವ ಕಾಳಜಿ ತುಕ್ಕಿನದು. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ, ಹತ್ತಿರದ ಅಂಗಡಿಗೆ ಹೋಗಿಬರುವಂತಹ ಐದು ನಿಮಿಷದ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಕಾಯದೆ ಒಳಗೇ ನೀರಾಗಿ ನಿಲ್ಲುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆಯಾದರೂ ಇಪ್ಪತ್ತು ನಿಮಿಷ ಬಿಡದೆ ಓಡಿಸುತ್ತೇನೆ, ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ. ಮನೆಗೆ ಬಂದು ಗಾಡಿ ತಣಿದ ಮೇಲೆ ಹೊಟ್ಟೆಯ ಕೆಳಗಿನ ಬೆಸುಗೆಯ ಗೆರೆಯನ್ನು ಎಣ್ಣೆ ಬಟ್ಟೆಯಿಂದ ಒಮ್ಮೆ ಒರೆಸಿಡುತ್ತೇನೆ.